ಕೈಗೆಟುಕದ ಕಾರ್ನೇಷನ್

ನೇಕಾರರ ಮನೆಯ ಮಿಂಕಾಳಿಗೆ ಸಿಟ್ಟು ಬಂದಿತ್ತು. ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಪೋದ್‌ಬ್ರೇಗ್‌ನಲ್ಲಿ ಮಿಂಕಾಳಿಗೆ ಸಿಟ್ಟು ಬರದ ದಿನ ಯಾವುದಾದರೂ ಇದ್ದರೆ ಊರು ಅದನ್ನೇ ಮಾತಾಡಿಕೊಳ್ಳುತ್ತಿತ್ತು. ಆದರೆ ಈ ಸಲದ ಸಿಟ್ಟು ಗಂಟಲಲ್ಲೇ ಸಿಕ್ಕಿಕೊಂಡಿತ್ತು, ಬೈಗುಳವಾಗಿ ಹೊರಗೆ ಬರುತ್ತಿರಲಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವಳು ಕೋಟು ಸಹ ಬಿಚ್ಚದೆ ಸೀದಾ ಉತ್ತರದ ತಣ್ಣನೆ ಕೋಣೆಗೆ ಹೋಗಿದ್ದಳು. ಚಳಿಗಾಲದಲ್ಲಿ ಅವಳ ಕಾರ್ನೇಷನ್ ಗಿಡದ ಪೆಟ್ಟಿಗೆಗಳು ಇರುವುದು ಅಲ್ಲಿ, ಕಿಟಕಿಯ ಕೆಳಗೆ. ಈಗ ಅಲ್ಲಿ ನೆಲದ ಮೇಲೆ ಪೆಟ್ಟಿಗೆಗಳ ಗುರುತು ಮಾತ್ರ ಇತ್ತು.

"ಉರ್ಬಾನ್, ಗಿಡ ಎಲ್ಲಿ?"

ಗಂಡ ಉರ್ಬಾನ್ ಅವಳ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮುಖದ ತುಂಬ ಹೆಮ್ಮೆ. "ಒಳಗೆ ತಂದಿಟ್ಟೆ ಕಣೇ. ಇಲ್ಲಿ ನೋಡು ಹೆಂಗೆ ಕೊರೀತಿದೆ. ಚೆನ್ನಾಗಿ ನೋಡ್ಕೋ ಅಂತ ನೀನೇ ಹೇಳಿದ್ಯಲ್ಲ. ಒಲೆ ಪಕ್ಕ ಇಟ್ಟಿದೀನಿ. ಬೆಳಿಗ್ಗೆ ಒಂದು ಚೊಂಬು, ಸಾಯಂಕಾಲ ಒಂದು ಚೊಂಬು."

"ಏನು, ಚೊಂಬು?"

"ನೀರು. ಉಗುರು ಬೆಚ್ಚಗೆ ಮಾಡಿ ಹಾಕ್ದೆ."

ಅಡಿಗೆಮನೆಯ ಹೆಂಚಿನ ಒಲೆಯ ಬದಿಯಲ್ಲಿ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಮೇಲಿನಿಂದ ನೋಡಿದರೆ ಹಸಿರೇ ಇತ್ತು. ಮಿಂಕಾ ಒಂದು ಕಾಂಡವನ್ನು ಎರಡು ಬೆರಳಲ್ಲಿ ಹಿಡಿದಳು. ಅದು ಬೇಯಿಸಿದ ಈರುಳ್ಳಿಯ ಹಾಗೆ ಜಾರಿ ಕೈಗೆ ಬಂತು. ಇನ್ನೊಂದು ಹಿಡಿದಳು, ಅದೂ ಬಂತು. ಬುಡದಲ್ಲಿ ಎಲ್ಲವೂ ಕಪ್ಪಗೆ ಕೊಳೆತುಹೋಗಿತ್ತು.

ಚಳಿಗಾಲದಲ್ಲಿ ನಮ್ಮ ಕಡೆಯ ಕಾರ್ನೇಷನ್‌ಗೆ ಬೇಕಾದ್ದು ತಂಪು, ಬೆಳಕು ಮತ್ತು ಅರೆಹೊಟ್ಟೆ. ಮಣ್ಣು ಒಣಗಿ, ಇನ್ನೇನು ಗಿಡ ಸತ್ತೇಹೋಯಿತು ಅನ್ನಿಸಿದಾಗ ಒಂದು ಗುಟುಕು ನೀರು ಕೊಡಬೇಕು. ಮುದ್ದು ಮಾಡಿದರೆ ಕೆಟ್ಟಿತು. ಇದನ್ನು ಮಿಂಕಾ ಗಂಡನಿಗೆ ಹೇಳಿ ಹೋಗಿರಲಿಲ್ಲ. ಉಸಿರಾಡುವುದು ಹೇಗೆಂದು ಯಾರು ಯಾರಿಗೆ ಹೇಳಿಕೊಡುತ್ತಾರೆ? ಆದರೆ ಉರ್ಬಾನ್ ನಮ್ಮ ಬೆಟ್ಟದ ಕಡೆಯವನಲ್ಲ, ಸಮುದ್ರದ ಕಡೆಯವನು. ರೈಲ್ವೆ ಕೆಲಸಕ್ಕೆ ಬಂದು, ಮಿಂಕಾಳನ್ನು ಮದುವೆಯಾಗಿ, ಅವಳ ಮನೆಗೇ ಅಳಿಯನಾಗಿ ಸೇರಿಕೊಂಡವನು. ನಲವತ್ತು ವರ್ಷ ಇಲ್ಲೇ ಇದ್ದರೂ ಹೂವು ಹೆಂಗಸರ ಸಮಾಚಾರವೆಂದು ಅದರ ಹತ್ತಿರ ಸುಳಿದಿರಲಿಲ್ಲ. ಒಳ್ಳೆಯ ಮನುಷ್ಯ. ಅವನಿಗಿದ್ದದ್ದು ಒಂದೇ ಕಾಯಿಲೆ, ಉಪಕಾರ ಸ್ಮರಣೆ. ಬಸ್ಸಿನ ಡ್ರೈವರಿಗೆ, ಅಂಚೆಯವನಿಗೆ, ಕೊನೆಗೆ ಹಾಲು ಕರೆಸಿಕೊಂಡ ಹಸುವಿಗೂ "ಉಪಕಾರ ಆಯ್ತು" ಎಂದು ಹೇಳದೆ ಮುಂದೆ ಹೋಗುವ ಪ್ರಾಣಿಯಲ್ಲ. ಅಂಥವನ ಮೇಲೆ ಕೈ ಎತ್ತುವುದಾದರೂ ಹೇಗೆ?

"ಚೆನ್ನಾಗಿದೆ ಅಲ್ವಾ?" ಎಂದ.

"ಕೊಂದ್ಬಿಟ್ಯಲ್ಲೋ ಪುಣ್ಯಾತ್ಮ," ಎಂದಳು ಮಿಂಕಾ. ಕೂಗಲಿಲ್ಲ. ಕೂಗದೆ ಇದ್ದದ್ದಕ್ಕೇ ಉರ್ಬಾನ್‌ಗೆ ಹೆದರಿಕೆಯಾಯಿತು.

ಆ ಗಿಡ ಮಿಂಕಾಳ ತಾಯಿಯದು. ತಾಯಿ ಬೆಟ್ಟದಾಚೆಯ ಬೋಹಿನ್ ಕಣಿವೆಯಿಂದ ಮದುವೆಯಾಗಿ ಬರುವಾಗ ಒಂದು ಕುಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡು ಬಂದಿದ್ದಳಂತೆ. ನಮ್ಮೂರಲ್ಲಿ ಕಾರ್ನೇಷನ್ ಇಲ್ಲದ ಮನೆಯಿಲ್ಲ. ಕಿಟಕಿಯ ಪೆಟ್ಟಿಗೆಗಳಿಂದ ಜಡೆಜಡೆಯಾಗಿ ಕೆಳಕ್ಕೆ ಇಳಿಬಿದ್ದು ಹೂ ಬಿಡುತ್ತವೆ. ಆದರೆ ಮಿಂಕಾಳ ತಾಯಿಯ ಗಿಡದ ಕೆಂಪು ಬೇರೆ. ಅಂಚಿನಲ್ಲಿ ಕಪ್ಪಿಗೆ ತಿರುಗುವ ಕೆಂಪು. ಸಾಯಂಕಾಲ ಹತ್ತಿರ ಹೋದರೆ ಡಬ್ಬಿ ತೆರೆದ ಹಾಗೆ ಲವಂಗದ ವಾಸನೆ. ಆ ತಾಯಿ ಮಿಂಕಾಳಿಗೆ ಇಪ್ಪತ್ತು ತುಂಬುವ ಮೊದಲೇ ಎದೆಯ ರೋಗದಿಂದ ತೀರಿಕೊಂಡಳು. ಉಳಿದದ್ದು ಒಂದೇ ಫೋಟೋ, ಅದೂ ಕಪ್ಪು ಬಿಳುಪು. ಎದೆಗೆ ಸಿಕ್ಕಿಸಿಕೊಂಡ ಹೂವು ಅದರಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ತಾಯಿಯ ಕಣ್ಣು ಯಾವ ಬಣ್ಣದ್ದೆಂದು ಮಿಂಕಾಳಿಗೆ ನೆನಪಿಲ್ಲ. ಎಷ್ಟೋ ಸಲ ಕಣ್ಣು ಮುಚ್ಚಿ ಕೂತು ನೆನಪಿಸಿಕೊಳ್ಳಲು ನೋಡಿದ್ದಾಳೆ, ಆಗುವುದಿಲ್ಲ. ಅಮ್ಮನ ಬಣ್ಣವೆಂದು ಉಳಿದಿದ್ದದ್ದು ಆ ಕೆಂಪೊಂದೇ. ಅದನ್ನು ಉರ್ಬಾನ್ ಉಗುರು ಬೆಚ್ಚಗಿನ ನೀರು ಹಾಕಿ ಮುಗಿಸಿದ್ದ.

ಇನ್ನೊಬ್ಬರಲ್ಲಿ ಇದ್ದರೆ ತಂದು ನೆಡಬಹುದಲ್ಲ ಎಂದು ನೀವು ಕೇಳಬಹುದು. ಕೇಳುವವರಿಗೆ ನಮ್ಮೂರಿನ ಕಾರ್ನೇಷನ್ ಕಾನೂನು ಗೊತ್ತಿರುವುದಿಲ್ಲ. ಕೇಳಿ ತಂದ ಕುಡಿ ಬೇರು ಬಿಡುವುದಿಲ್ಲ. ಕದ್ದದ್ದೇ ಹತ್ತುವುದು. ಯಾರಾದರೂ ತಾವಾಗಿಯೇ ಕೈಗಿಟ್ಟರೂ "ಉಪಕಾರ ಆಯ್ತು" ಎಂಬ ಮಾತು ಬಾಯಿಂದ ಬರಕೂಡದು. ಬಂದರೆ ಗಿಡ ಮುನಿಸಿಕೊಂಡು ಸಾಯುತ್ತದೆ. ಆದ್ದರಿಂದ ಮರ್ಯಾದಸ್ಥ ಹೆಂಗಸು ತನ್ನ ಪೆಟ್ಟಿಗೆಯಿಂದ ಒಂದು ಜಡೆಯನ್ನು ದಾರಿಯ ಕಡೆಗೆ, ಹೋಗುವವರ ಕೈಗೆ ಎಟುಕುವಂತೆ ಇಳಿಬಿಡುತ್ತಾಳೆ. ಬೇಕಾದವಳು ಮುರಿದುಕೊಂಡು ಹೋಗುತ್ತಾಳೆ. ಒಳಗಿರುವವಳು ನೋಡಿಯೂ ನೋಡುವುದಿಲ್ಲ. ಊರಿನ ಹೂವೆಲ್ಲ ಹೀಗೆ ಕಳ್ಳತನದ ಮೇಲೇ ನಡೆದುಬಂದಿದೆ, ಪಾದ್ರಿಗಳೂ ಈ ಪಾಪವನ್ನು ಪಾಪವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಿಂಕಾ ಒಬ್ಬಳೇ ಈ ಕಾನೂನಿಗೆ ಹೊರಗಿದ್ದಳು. ಅವಳ ಪೆಟ್ಟಿಗೆಗಳು ಮಹಡಿಯ ಮರದ ಬಾಲ್ಕನಿಯಲ್ಲಿ, ಯಾರ ಕೈಗೂ ಎಟುಕದ ಎತ್ತರದಲ್ಲಿ ಇರುತ್ತಿದ್ದವು. ಕಂಡವರ ಕಿಟಕಿಯಲ್ಲೆಲ್ಲ ತೂಗಾಡಿದರೆ ಅದು ಅಮ್ಮನದು ಹೇಗಾದೀತು ಎನ್ನುವುದು ಅವಳ ವಾದ. ಮೂವತ್ತು ವರ್ಷದ ಹಿಂದೆ ಒಂದು ದಿನ ಹುಲ್ಲು ಕೊಯ್ಲು ಮುಗಿಸಿ ಬಂದು ನೋಡುತ್ತಾಳೆ, ಬಾಲ್ಕನಿಯಿಂದ ಒಂದು ಜಡೆ ಮುರಿದಿದೆ. ಕೆಳಗೆ ಅಂಗಳದಲ್ಲಿ ಹಲುಬೆಯ ಒಂದು ಮರದ ಹಲ್ಲು ಬಿದ್ದಿದೆ. ಹುಲ್ಲು ಬಳಿಯುವ ಉದ್ದ ಹಿಡಿಯ ಹಲುಬೆಯಿಂದ ಯಾರೋ ಎಳೆದಿದ್ದಾರೆ. ಆ ಹಲ್ಲಿಗೆ ಹಚ್ಚಿದ್ದ ಹಸಿರು ಬಣ್ಣ ಊರಲ್ಲಿ ಒಂದೇ ಮನೆಯದು. ಗಾಡಿ ಮಾಡುವವರ ಮನೆಯ ಜಾಲ್ಕಾ, ಶಾಲೆಯಲ್ಲಿ ಮಿಂಕಾಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು.

ಮಾರನೆಯ ಬೆಳಿಗ್ಗೆ ಹಾಲು ಅಳೆಸಿಕೊಳ್ಳುವ ಕೊಟ್ಟಿಗೆಯ ಮುಂದೆ ಊರ ಹೆಂಗಸರೆಲ್ಲ ಕ್ಯಾನು ಹಿಡಿದು ನಿಂತಿದ್ದಾಗ ಮಿಂಕಾ ಆ ಹಲ್ಲನ್ನು ಎತ್ತಿ ತೋರಿಸಿದಳು. "ಕಳ್ಳಿ. ನಮ್ಮಮ್ಮನ ಗಿಡಕ್ಕೆ ಕೈ ಹಾಕೋಕೆ ನಾಚ್ಕೆ ಆಗ್ಲಿಲ್ವಾ ನಿಂಗೆ?"

ಕಾರ್ನೇಷನ್ ಕದ್ದವಳನ್ನು ಕಳ್ಳಿ ಎಂದು ಕರೆದದ್ದನ್ನು ಪೋದ್‌ಬ್ರೇಗ್ ಅಲ್ಲಿಯವರೆಗೆ ಕೇಳಿರಲಿಲ್ಲ. ಜಾಲ್ಕಾಳ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. ಆಮೇಲೆ ಕೈ ಚಾಚಿದಳು. "ಆ ಹಲ್ಲು ಇಲ್ಲಿ ಕೊಡು. ನಾಳೆ ಹುಲ್ಲು ಬಳೀಬೇಕು," ಎಂದು ಇಸಿದುಕೊಂಡು ಹೋದಳು. ಜನ ನೋಡಿದ್ದು ಅವಳನ್ನಲ್ಲ, ಮಿಂಕಾಳನ್ನು, ಚರ್ಚಿನಲ್ಲಿ ಹೂಸು ಬಿಟ್ಟವರನ್ನು ನೋಡುವ ಹಾಗೆ.

ಅಂದಿನಿಂದ ಯಾರೂ ಮಿಂಕಾಳ ಗಿಡದ ತಂಟೆಗೆ ಹೋಗಲಿಲ್ಲ. ಜಾಲ್ಕಾ ಮಾತ್ರ ಕದ್ದ ಕುಡಿಯನ್ನು ಬೆಳೆಸಿ ಬೀದಿಯ ಕಿಟಕಿಯಲ್ಲಿ ಇಟ್ಟಳು, ಕ್ರಮದ ಪ್ರಕಾರ ಒಂದು ಜಡೆಯನ್ನೂ ದಾರಿಗೆ ಇಳಿಬಿಟ್ಟಳು. ಅದನ್ನು ಯಾರೂ ಮುಟ್ಟಲಿಲ್ಲ. ನಾಳೆ ಮಿಂಕಾ ಬಂದು ಇದೂ ನಮ್ಮಮ್ಮನದು ಎಂದು ಬಾಗಿಲಲ್ಲಿ ನಿಂತು ಕೂಗಿದರೆ ಏನು ಗತಿ? ಊರವರು ಬೇರೆ ಬಣ್ಣದ ಕಾರ್ನೇಷನ್‌ಗಳನ್ನು ಬೇರೆ ಮನೆಗಳಿಂದ ಕದ್ದುಕೊಂಡು ಸುಖವಾಗಿದ್ದರು. ಮಿಂಕಾ ಜಾಲ್ಕಾಳ ಕಿಟಕಿಯನ್ನು ನೋಡಬಾರದೆಂದು ಬೇಕರಿಗೆ ಹೋಗಲು ಚರ್ಚಿನ ಹಿಂದಿನಿಂದ ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡಳು. ಮೂವತ್ತು ವರ್ಷ ಸುತ್ತಿದಳು.

ಈಗ, ಗಿಡ ಕೊಳೆತ ಆ ವಸಂತದಲ್ಲಿ, ಅವಳು ಮಾಡದ ಪ್ರಯತ್ನವಿಲ್ಲ. ಕೊಳೆತ ಗಿಡಗಳ ತುದಿಯಲ್ಲಿ ಇನ್ನೂ ಗಟ್ಟಿಯಿದ್ದ ಕುಡಿಗಳನ್ನು ಕತ್ತರಿಸಿ, ತೊಳೆದ ಮರಳಿನಲ್ಲಿ ಊರಿ, ಗಾಜಿನ ಜಾಡಿ ಬೋರಲು ಹಾಕಿದಳು. ಅವಕ್ಕೆ ಬೂಷ್ಟು ಬಂತು. ಪೇಟೆಯ ಸಂತೆಯಲ್ಲಿ "ನಮ್ಮ ಕಡೆಯ ಅಸಲಿ ಕಾರ್ನೇಷನ್" ಎಂದು ಒಬ್ಬ ಮಾರುತ್ತಿದ್ದ. ತಂದು ನೆಟ್ಟಳು. ಅದು ಹೂ ಬಿಟ್ಟಾಗ ಬಣ್ಣ ಲಿಪ್‌ಸ್ಟಿಕ್ಕಿನದು, ವಾಸನೆ ಏನೂ ಇಲ್ಲ, ಸೊಂಟಕ್ಕೆ ಕೋಲು ಕಟ್ಟಿದ ಹಾಗೆ ಇಳಿಬೀಳದೆ ನೆಟ್ಟಗೆ ನಿಂತಿತು. ಕಿತ್ತು ಕೋಳಿಗಳಿಗೆ ಎಸೆದಳು. ಕೋಳಿಗಳೂ ಮೂಸಿ ನೋಡಿ ಬಿಟ್ಟವು.

ಮಹಡಿಯಲ್ಲಿ ಸಂಸಾರ ಹೂಡಿದ್ದ ಸೊಸೆ ಮತೇಯಾಳಿಗೆ ಅತ್ತೆಯ ಖಾಲಿ ಬಾಲ್ಕನಿ ನೋಡಿ ಕನಿಕರ ಬಂತು. ಒಂದು ದಿನ ಕಾರಿನ ತುಂಬ ಪೆಟೂನಿಯಾ ಹೇರಿಕೊಂಡು ಬಂದಳು.

"ಅತ್ತೆ, ಇದು ನೋಡಿ, ಚಳಿ ಶುರುವಾಗೋವರೆಗೂ ಬಿಡದೆ ಹೂ ಬಿಡುತ್ತಂತೆ. ನೀವೇನೂ ಮಾಡ್ಬೇಕಾಗಿಲ್ಲ."

"ನಾನೇನೂ ಮಾಡ್ಬೇಕಾಗಿಲ್ಲ ಅಂದ್ಮೇಲೆ ನಾನ್ಯಾಕಿರ್ಬೇಕು?"

"ಅಯ್ಯೋ, ಹಾಗಲ್ಲ ಅತ್ತೆ. ಬಾಲ್ಕನಿ ಬೋಳಾಗಿದೆ, ಅದಕ್ಕಂದೆ."

"ಬೋಳಾಗೇ ಇರ್ಲಿ. ಯಾರು ಮಾಡಿದ್ದು ಅಂತ ಊರಿಗೆ ಗೊತ್ತಾಗ್ಲಿ."

ಕೆಳಗೆ ಸೌದೆ ಒಡೆಯುತ್ತಿದ್ದ ಉರ್ಬಾನ್ ಕೊಡಲಿ ಇಟ್ಟು ದನದ ಹಟ್ಟಿಯ ಹಿಂದಕ್ಕೆ ಹೋದ. ಪಾಪ, ಅವನಿಗೂ ಸಾಕಾಗಿತ್ತು. ದಿನಕ್ಕೊಂದು ಸಲ ತಪ್ಪಾಯಿತು ಎನ್ನುತ್ತಿದ್ದ. ಪ್ರತಿ ಸಲ ಮಿಂಕಾಳ ಮೈ ಹೊಸದಾಗಿ ಉರಿಯುತ್ತಿತ್ತು. ಕೆಟ್ಟ ಗಂಡನಾಗಿದ್ದರೆ ಬೈದು ಹಗುರವಾಗಬಹುದಿತ್ತು.

ಜಾಲ್ಕಾಳನ್ನು ಕೇಳಿದರೆ ಕೊಡುತ್ತಿರಲಿಲ್ಲವೇ? ಕೊಡುತ್ತಿದ್ದಳು. ಅದೇ ತೊಂದರೆ. ಕೇಳಿ ತಂದದ್ದು ಹತ್ತುವುದಿಲ್ಲ. ಹತ್ತುವುದಿದ್ದರೂ, ಕಳ್ಳಿ ಎಂದು ಕೂಗಿದ ಬಾಯಿ ಕೊಡು ಎಂದು ಹೇಗೆ ತೆರೆಯಬೇಕು? ಉಳಿದದ್ದು ಒಂದೇ ದಾರಿ. ಆ ದಾರಿ ನೆನೆಸಿಕೊಂಡಾಗಲೆಲ್ಲ ಮಿಂಕಾ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಇಡುತ್ತಿದ್ದಳು. ಜೂನ್ ಮುಗಿಯುತ್ತ ಬಂದಾಗ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎನ್ನಿಸಿತು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಪ್ರವಚನಕ್ಕೆ ನಿಂತರು. ಮುಂದಿನ ಸಾಲಿನಲ್ಲಿ ಜಾಲ್ಕಾಳ ಅಗಲ ಬೆನ್ನು ಕಾಣುತ್ತಿತ್ತು. ಮಿಂಕಾ ಪಕ್ಕದವಳ ಕಿವಿಯಲ್ಲಿ "ಸಾರು ಒಲೆ ಮೇಲಿದೆ" ಎಂದು ಹೇಳಿ ಎದ್ದಳು. ಭಾನುವಾರದ ಮಾಂಸದ ಸಾರಿಗಾಗಿ ಪೂಜೆಯ ನಡುವೆ ಏಳುವ ಹೆಂಗಸರನ್ನು ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅವಳು ಮೂವತ್ತು ವರ್ಷದಿಂದ ನಡೆಯದ ಬೀದಿಯಲ್ಲಿ ನಡೆದು ಆ ಕಿಟಕಿಯ ಕೆಳಗೆ ಬಂದು ನಿಂತಳು.

ಅದೇ ಕೆಂಪು. ಲವಂಗದ ವಾಸನೆ ಮೂಗಿಗೆ ಬಡಿಯಿತು, ಜೊತೆಗೇ ಹೊಟ್ಟೆಯೂ ಉರಿಯಿತು. ಗಿಡ ತನ್ನ ಬಾಲ್ಕನಿಯಲ್ಲಿ ಯಾವತ್ತೂ ಇಷ್ಟು ಸೊಂಪಾಗಿ ಬೆಳೆದಿರಲಿಲ್ಲ. ಈ ದಪ್ಪ ಬೆನ್ನಿನವಳು ಏನು ಹಾಕುತ್ತಾಳೋ! ಕುಡಿ ಆರಿಸುವಷ್ಟು ಪುರುಸೊತ್ತಿರಲಿಲ್ಲ. ಇಳಿಬಿದ್ದ ಜಡೆಗೆ ಕೈ ಹಾಕಿ ಉಗುರಿನಿಂದ ಕತ್ತರಿಸಿ, ರವಿಕೆಯೊಳಗೆ ತುರುಕಿಕೊಂಡು, ಎಪ್ಪತ್ತರ ಹತ್ತಿರದ ಹೆಂಗಸು ಓಡಬಹುದಾದಷ್ಟು ಜೋರಾಗಿ ಓಡಿದಳು.

ಮರಳಿನಲ್ಲಿ ಊರಿದ ಕಡ್ಡಿಯನ್ನು ಉರ್ಬಾನ್ ಮಧ್ಯಾಹ್ನವೇ ನೋಡಿದ. "ಎಲ್ಲಿಂದ ಬಂತೇ?"

"ಬಂತು."

"ಯಾರು ಕೊಟ್ರು?"

"ಯಾರೂ ಕೊಡ್ಲಿಲ್ಲ. ಬಾಯಿ ಮುಚ್ಕೊಂಡಿರು."

ಉರ್ಬಾನ್ ಬಾಯಿ ಮುಚ್ಚಿಕೊಂಡ, ಆದರೆ ಯೋಚನೆ ಮಾಡಿದ. ಆ ಕೆಂಪು ಇರುವುದು ಊರಲ್ಲಿ ಒಂದೇ ಕಡೆ. ಅಂದರೆ ಜಾಲ್ಕಾ ದೊಡ್ಡ ಮನಸ್ಸು ಮಾಡಿದ್ದಾಳೆ. ಅಂಥವಳಿಗೆ ಈ ಮನೆಯಿಂದ ಒಂದು ಮಾತಾದರೂ ಹೋಗಬೇಡವೇ? ವಾರದ ನಡುವೆ ಒಂದು ದಿನ ಗಡ್ಡ ಹೆರೆದುಕೊಂಡು, ತಾನೇ ಇಳಿಸಿದ ಹಣ್ಣಿನ ಸಾರಾಯಿಯ ಸೀಸೆಯೊಂದನ್ನು ಬಗಲಲ್ಲಿಟ್ಟುಕೊಂಡು ಹೊರಟ. ತಿರುಗಿ ಬಂದಾಗ ಮಿಂಕಾ ಅಡಿಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದಳು.

"ಎಲ್ಲಿಗೆ ಹೋಗಿದ್ದೆ, ಮದುವೆ ಗಂಡಿನ ಹಾಗೆ ಗಡ್ಡ ಹೆರ್ಕೊಂಡು?"

"ಜಾಲ್ಕಾ ಮನೆಗೆ," ಎಂದ, ಕುರ್ಚಿ ಎಳೆದುಕೊಂಡು. "ಉಪಕಾರ ಆಯ್ತು ಅಂತ ಹೇಳ್ಬಂದೆ."

ಮಿಂಕಾಳ ಚಾಕು ನಿಂತಿತು. "ಏನಂದೆ?"

"ಕಾರ್ನೇಷನ್‌ಗೆ ಉಪಕಾರ ಆಯ್ತಮ್ಮ, ನಮ್ಮನೆಯವಳ ಜೀವ ಉಳಿಸ್ದೆ ಅಂದೆ. ವಿಚಿತ್ರದ ಹೆಂಗ್ಸು ಕಣೇ ಅದು. ಯಾವ ಕಾರ್ನೇಷನ್, ನಮ್ಮನೆಯಿಂದ ಯಾರೂ ಏನೂ ತಗೊಂಡಿಲ್ಲ, ಒಂದು ಜಡೆ ಮುರಿದಿತ್ತು, ಬೆಕ್ಕು ಇರ್ಬೇಕು ಅಂದ್ಲು. ಬೆಕ್ಕಲ್ಲ ನಮ್ಮ ಮಿಂಕಾ ಅಂತ ಬಿಡಿಸಿ ಹೇಳಿ ಇನ್ನೊಂದು ಸಲ ಉಪಕಾರ ಆಯ್ತು ಅಂದೆ. ಅವಳು ಕಿವಿ ಮುಚ್ಕೊಂಡ್ಲು. ನಿಜವಾಗ್ಲೂ, ಎರಡೂ ಕೈಯಲ್ಲಿ. ವಯಸ್ಸಾಯ್ತಲ್ಲ, ಕಿವಿ ಮಂದ ಇರ್ಬೇಕು ಅಂತ ಮೂರನೇ ಸಲ ಜೋರಾಗಿ ಹೇಳ್ದೆ."

ಮಿಂಕಾ ಸುಲಿದ ಆಲೂಗೆಡ್ಡೆಗಳ ನಡುವೆ ತಲೆಯಿಟ್ಟು ಅತ್ತಳು. ಹೀಗೆ ಅತ್ತದ್ದನ್ನು ಅವಳ ಅಪ್ಪ ಸತ್ತಾಗಲೂ ಉರ್ಬಾನ್ ನೋಡಿರಲಿಲ್ಲ. ಅಳು ಮುಗಿದ ಮೇಲೆ ಅವಳು ಕಾನೂನು ಹೇಳಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ. ಉರ್ಬಾನ್ ಕೇಳುತ್ತ ಕೇಳುತ್ತ ಬೆಳ್ಳಗಾದ.

"ಹಾಗಾದ್ರೆ ಹೋಗಿ ಆ ಉಪಕಾರ ವಾಪಸ್ ಇಸ್ಕೊಂಡ್ ಬರ್ಲಾ?"

"ಆ ಬೀದಿಗೆ ಕಾಲಿಟ್ಟು ನೋಡು. ಕಾಲು ಮುರೀತೀನಿ."

ಕಡ್ಡಿ ಸತ್ತಿತು. ಮೊದಲು ಹೂವು ಬಾಡಿತು, ಆಮೇಲೆ ಎಲೆ ಹಳದಿಯಾಯಿತು, ಎಳೆದು ನೋಡಿದ ದಿನ ಬೇರಿನ ಸುಳಿವೇ ಇಲ್ಲದೆ ಕೈಗೆ ಬಂತು. ಬಿಸಿಲು ಜಾಸ್ತಿಯಾಗಿತ್ತು ಅತ್ತೆ ಎಂದಳು ಮತೇಯಾ. ಇರಬಹುದು, ಓದಿದವಳು. ಆದರೆ ಮೂರು ಸಲ, ಅದೂ ಜೋರಾಗಿ ಉಪಕಾರ ಹೇಳಿಸಿಕೊಂಡ ಗಿಡ ಬದುಕಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ.

ಆಗಸ್ಟ್ ಬಂತು. ಕಡ್ಡಿ ನೆಡಲು ಅದೇ ಕೊನೆಯ ಹೊತ್ತು, ಆಮೇಲೆ ನೆಟ್ಟರೆ ಚಳಿಗೆ ಮುಂಚೆ ಬೇರು ಬಿಡುವುದಿಲ್ಲ. ಒಂದೇ ಮನೆಯಲ್ಲಿ ಎರಡು ಸಲ ಕದಿಯುವುದು ಮಾನಗೆಟ್ಟ ಕೆಲಸ, ಅದೂ ಮೊದಲ ಸಲದ್ದಕ್ಕೆ ಗಂಡ ಹೋಗಿ ಡಂಗೂರ ಹೊಡೆದು ಬಂದ ಮೇಲೆ. ಮಿಂಕಾ ಮೂರು ನಾಲ್ಕು ಭಾನುವಾರ ಚರ್ಚಿನಲ್ಲಿ ಏಳಬೇಕೆಂದು ಕೂತು ಏಳಲಾರದೆ ಬಂದಳು. ಕೊನೆಗೆ ಒಂದು ಬುಧವಾರ ನಡುಮಧ್ಯಾಹ್ನ ರೊಟ್ಟಿಯ ಚೀಲ ಹಿಡಿದು ಸೀದಾ ಬೀದಿಯಲ್ಲೇ ಹೋದಳು. ಆ ಹೊತ್ತಿನಲ್ಲಿ ಯಾರೂ ಹೊರಗಿರುವುದಿಲ್ಲ ಎಂದುಕೊಂಡಿದ್ದಳು. ಜಾಲ್ಕಾ ಕಿಟಕಿಯ ಕೆಳಗೇ ಬೆಂಚಿನ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಹಿಂದೆ ತಿರುಗಿದರೆ ನಗೆಪಾಟಲು, ಮುಂದೆ ಹೋದರೆ ಜಾಲ್ಕಾ.

"ಏನೇ ಮಿಂಕಾ, ದಾರಿ ಮರೆತ್ಯಾ? ನೀನು ಚರ್ಚಿನ ಹಿಂದಿಂದ ಅಲ್ವಾ ಹೋಗೋದು."

"ದಾರಿ ಯಾರಪ್ಪಂದೂ ಅಲ್ಲ."

"ಅಲ್ಲ." ಜಾಲ್ಕಾ ಒಂದು ಕಾಯಿ ಬಿಡಿಸಿದಳು. "ಕಲ್ಲು ತೆಗೆದ್ರಂತೆ."

"ತೆಗೆದ್ರು. ಸೀಸೇಲಿ ಹಾಕಿ ಕೊಟ್ಟಿದಾರೆ. ತೋರಿಸ್ಲಾ?"

"ಬೇಡಮ್ಮ, ಊಟ ಆಗಿಲ್ಲ ಇನ್ನೂ." ಇನ್ನೊಂದು ಕಾಯಿ. "ಈ ವರ್ಷ ಬೆಕ್ಕಿನ ಕಾಟ ವಿಪರೀತ. ಜೂನ್‌ನಲ್ಲಿ ಒಂದು ಬಂದಿತ್ತು. ಬುದ್ಧಿ ಇಲ್ದಿರೋ ಬೆಕ್ಕು. ಹೂ ಬಿಟ್ಟಿರೋ ಜಡೆ ಮುರ್ಕೊಂಡು ಹೋಗಿದೆ. ಹೂವಿಲ್ದಿರೋ ಕುಡಿ ತಾನೇ ಬೇರು ಬಿಡೋದು?"

ಮಿಂಕಾಳ ಕಿವಿ ಬಿಸಿಯಾಯಿತು. ಕಾರ್ನೇಷನ್ ವಿಷಯದಲ್ಲಿ ತನಗೆ ಪಾಠ ಹೇಳುವವರೂ ಹುಟ್ಟಿಕೊಂಡರಲ್ಲ! "ಬೆಕ್ಕಿಗೆ ಅದೆಲ್ಲ ಗೊತ್ತಿರುತ್ತೆ. ಅವಸರ ಇತ್ತೇನೋ."

"ಇರ್ಬಹುದು. ಒಳಗಡೆ, ಬುಡದ ಹತ್ರ ಎಂಥಾ ಕುಡಿಗಳಿದ್ವು. ಈಗ್ಲೂ ಇವೆ."

ನೊಣವೊಂದು ಬುಟ್ಟಿಯ ಮೇಲೆ ಸುತ್ತುತ್ತಿತ್ತು. ಮಿಂಕಾ ರೊಟ್ಟಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಮೂವತ್ತು ವರ್ಷದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ನೂಕಿದಷ್ಟೂ ಮುಂದೆ ಬಂತು.

"ಜಾಲ್ಕಾ, ಅವತ್ತು ಹಾಲಿನ ಹತ್ರ ನಾನು..."

"ಸಾರು ಉಕ್ಕುತ್ತಿದೆ ಅನ್ಸುತ್ತೆ," ಎಂದು ಜಾಲ್ಕಾ ಎದ್ದಳು.

"ಬುಧವಾರ ಯಾವ ಸಾರು?"

"ನಿಧಾನಕ್ಕೆ ಬೇಯೋ ಸಾರು." ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಕೊಡವಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಂದು ಗಳಿಗೆಯ ನಂತರ ಕಿಟಕಿಯ ಹಿಂದೆ ಅವಳ ಕೈ ಕಾಣಿಸಿತು, ಪರದೆಯನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಎಳೆಯಿತು.

ಆ ಪರದೆಯನ್ನು ನೋಡಿ ಮಿಂಕಾಳಿಗೆ ಬಂದದ್ದು ಮೊದಲು ಸಿಟ್ಟೇ. ಕ್ಷಮೆ ಕೇಳುವುದಕ್ಕೂ ಬಿಡದೆ ಕ್ಷಮಿಸಿಬಿಡುವುದು ಯಾವ ನ್ಯಾಯ? ಸಿಟ್ಟಿನಲ್ಲೇ ಪೆಟ್ಟಿಗೆಯೊಳಗೆ ಕೈ ತೂರಿಸಿ, ಬುಡದ ಹತ್ತಿರ ಹೂವಿಲ್ಲದ ಗಟ್ಟಿ ಕುಡಿಗಳನ್ನು ಹುಡುಕಿ, ಗೆಣ್ಣಿನ ಕೆಳಗೆ ಸರಿಯಾಗಿ ಮುರಿದಳು. ಅಷ್ಟರಲ್ಲಿ ಕಣ್ಣು ತುಂಬಿ ಎದುರಿನ ಹೂವೆಲ್ಲ ಒಂದೇ ಕೆಂಪಾಗಿ ಕಲಸಿಹೋಗಿದ್ದವು. ಬಾಯಿಗೆ ಬಂದೇ ಬಿಟ್ಟಿದ್ದ ಮಾತನ್ನು ಅಂಗೈಯಿಂದ ಒತ್ತಿ ಹಿಡಿದಳು. ಅದೇ ಮಾತು, ಉರ್ಬಾನ್‌ನ ಮಾತು. ರೊಟ್ಟಿ ಕೊಳ್ಳುವುದು ಮರೆತುಹೋಯಿತು.

ಕುಡಿಗಳು ಬೇರು ಬಿಟ್ಟವು. ಆ ಚಳಿಗಾಲ ಉತ್ತರದ ಕೋಣೆಗೆ ಉರ್ಬಾನ್‌ಗೆ ಪ್ರವೇಶವಿರಲಿಲ್ಲ. ಒಳಗೆ ಮಿಂಕಾ ಇದ್ದಾಗ ಅವನು ಬಾಗಿಲಾಚೆಯಿಂದಲೇ "ಹೆಂಗಿದಾವೆ?" ಎಂದು ಪಿಸುಗುಟ್ಟುತ್ತಿದ್ದ, ಒಳಗೆ ಬಾಣಂತಿ ಮಲಗಿದ ಹಾಗೆ. ಮರುವರ್ಷ ನಾಲ್ಕಾರು ಹೂವಷ್ಟೇ ಬಿಟ್ಟವು. ಅದರ ಮುಂದಿನ ಬೇಸಿಗೆಗೆ ಪೆಟ್ಟಿಗೆ ತುಂಬಿ ಜಡೆಗಳು ಇಳಿಬಿದ್ದವು. ಮಿಂಕಾ ತಾಯಿಯ ಫೋಟೋವನ್ನು ತಂದು ಹೂವಿನ ಪಕ್ಕದಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗಂಡನನ್ನು ಕರೆದಳು.

"ಪೆಟ್ಟಿಗೆ ಕೆಳಗಿಳಿಸು. ಬೀದಿ ಕಿಟಕಿಗೆ."

"ಬೀದಿ ಕಿಟಕಿಗಾ? ಅಲ್ಲಿ ಯಾರಾದ್ರೂ..."

"ಇಳಿಸು ಅಂದ್ನಲ್ಲ."

ಒಂದು ಜಡೆ ದಾರಿಗೆ ಇಳಿಬಿತ್ತು. ಮಿಂಕಾ ಪರದೆಯ ಹಿಂದೆ ಕುರ್ಚಿ ಹಾಕಿಕೊಂಡು, ಹೆಣಿಗೆ ಹಿಡಿದು, ಕಳ್ಳರಿಗಾಗಿ ಕಾದಳು. ಯಾರೂ ಬರಲಿಲ್ಲ. ಹೆಂಗಸರು ಬರುತ್ತಿದ್ದರು, ಜಡೆಯನ್ನು ನೋಡುತ್ತಿದ್ದರು, ಬೀದಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ಬೇಕರಿಯಲ್ಲಿ ಮಿಂಕಾ ಎಲ್ಲರಿಗೂ ಕೇಳುವಂತೆ "ನಮ್ಮ ಕಾರ್ನೇಷನ್ ದಾರಿಗೇ ಬಿದ್ದಿದೆ, ಓಡಾಡೋರ ತಲೆಗೆ ತಾಗುತ್ತೆ, ಏನು ಮಾಡೋದೋ" ಎಂದು ರಾಗ ಎಳೆದಳು. ಅಲ್ಲಿದ್ದವರು ಬಯ್ಯುತ್ತಿದ್ದಾಳೆಂದೇ ತಿಳಿದು ಮರುದಿನದಿಂದ ಇನ್ನೂ ದೂರ ನಡೆದರು. ಒಂದು ಸಲ ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ನಿಂತು ಕೈ ಎತ್ತಿದಳು. ಜೊತೆಯಲ್ಲಿದ್ದ ಅತ್ತೆ ಆ ಕೈಗೆ ಪಟ್ಟನೆ ಬಡಿದು, "ಅದು ನೇಕಾರರ ಮಿಂಕಾದು. ಮುಟ್ಟೀಯಾ ಜೋಕೆ," ಎಂದು ಎಳೆದುಕೊಂಡು ಹೋದಳು.

"ಈ ಊರಲ್ಲಿ ಕಳ್ಳರೂ ಸತ್ತುಹೋದ್ರಾ?" ಎಂದು ಮಿಂಕಾ ಹೆಣಿಗೆಯನ್ನು ಗೋಡೆಗೆ ಎಸೆದಳು. ಉರ್ಬಾನ್ ಎದ್ದು ಎತ್ತಿಕೊಟ್ಟ. ಜಡೆ ಮುರಿಯುವವರಿಲ್ಲದೆ ಉದ್ದವಾಗಿ ನೆಲದ ಹತ್ತಿರ ಬಂತು. ಮೂವತ್ತು ವರ್ಷ ಯಾರ ಕೈಗೂ ಎಟುಕದಂತೆ ಇಟ್ಟದ್ದನ್ನು ಈಗ ಬೀದಿಗೇ ತಂದಿಟ್ಟರೂ ಯಾರ ಕೈಗೂ ಎಟುಕುತ್ತಿರಲಿಲ್ಲ. ತಾನೊಬ್ಬಳು ಸತ್ತರೆ, ಇಲ್ಲವೇ ಇನ್ನೊಂದು ಕಲ್ಲು ತೆಗೆಸಲು ಹೋದರೆ, ಈ ಮನೆಯ ಕೆಂಪು ಮತ್ತೆ ಮುಗಿಯಿತು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ರಾತ್ರಿಯ ಊಟ ಸೇರುತ್ತಿರಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ ಮಿಂಕಾ ಪೂಜೆ ಮುಗಿದ ಕೂಡಲೇ ಸಾರಿಗಾಗಿ ಓಡಿಬಂದಿದ್ದಳು, ಈ ಸಲ ನಿಜವಾದ ಸಾರು. ಚರ್ಚಿನಿಂದ ಜನ ಗುಂಪುಗುಂಪಾಗಿ ಇಳಿದು ಬರುತ್ತಿದ್ದರು. ಮಿಂಕಾ ಅಭ್ಯಾಸದಂತೆ ಪರದೆಯ ಸಂದಿಯಿಂದ ನೋಡಿದಳು. ಬೀದಿಯ ನಟ್ಟನಡುವೆ ಜಾಲ್ಕಾ ಬರುತ್ತಿದ್ದಳು, ಒಳ್ಳೆಯ ಕಪ್ಪು ಲಂಗ ತೊಟ್ಟು, ಕೋಲೂರಿಕೊಂಡು. ಕಿಟಕಿಯ ಕೆಳಗೆ ಬಂದು ನಿಂತಳು. ಹಿಂದೆ ಬರುತ್ತಿದ್ದವರೂ ನಿಂತರು. ಜಾಲ್ಕಾ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಊರೆಲ್ಲ ನೋಡುತ್ತಿದ್ದಂತೆ, ಆ ಉದ್ದ ಜಡೆಯನ್ನು ಹಿಡಿದು ಪಟ್ಟನೆ ಮುರಿದಳು. ತುದಿಯಲ್ಲಿ ಮೂರು ಹೂವಿದ್ದ ಜಡೆ.

ಮಿಂಕಾಳ ಕೈ ಆಗಲೇ ಕಿಟಕಿಯ ಚಿಲಕದ ಮೇಲಿತ್ತು. ಹೂವಿನದಲ್ಲ ಕಣೇ, ಒಳಗಿನ ಕುಡಿ, ನೀನೇ ಹೇಳಿದ್ಯಲ್ಲ ಎಂದು ಕೂಗಬೇಕೆನ್ನುವಷ್ಟರಲ್ಲಿ ಕೈ ನಿಂತಿತು. ಜಾಲ್ಕಾಳಿಗೆ ಬೇರು ಬಿಡುವ ಕುಡಿ ಯಾಕೆ ಬೇಕು? ಅವಳ ಕಿಟಕಿಯ ತುಂಬ ಇದೇ ಇದೆ. ಜಾಲ್ಕಾ ಹೂವನ್ನು ಎದೆಗೆ ಸಿಕ್ಕಿಸಿಕೊಂಡು, ಕಿಟಕಿಯ ಕಡೆಗೆ ಕಣ್ಣೂ ಹೊರಳಿಸದೆ, ಕೋಲೂರುತ್ತ ಮುಂದೆ ನಡೆದಳು. ಅವಳ ಹಿಂದೆ ಆ ಹೊಸ ಸೊಸೆ ನಿಂತಿದ್ದಳು. ಅತ್ತೆಯ ಮುಖ ನೋಡಿದಳು. ಅತ್ತೆ ಬೆಟ್ಟದ ಕಡೆ ನೋಡುತ್ತಿದ್ದಳು.

ಮಿಂಕಾ ಪರದೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಕೋಣೆ ಮಬ್ಬಾಯಿತು. ಹೊರಗೆ ಒಂದು ಕಡ್ಡಿ ಮುರಿದ ಸದ್ದಾಯಿತು, ಸ್ವಲ್ಪ ತಡೆದು ಇನ್ನೊಂದು.

"ಯಾರೇ ಅದು ಹೊರಗೆ?" ಎಂದ ಉರ್ಬಾನ್, ಸಾರಿನ ಪಾತ್ರೆಯ ಹತ್ತಿರದಿಂದ.

"ಯಾರೂ ಇಲ್ಲ. ಬೆಕ್ಕು."

ಉರ್ಬಾನ್ ಸೌಟು ಕೆಳಗಿಟ್ಟು ಬಾಗಿಲ ಕಡೆ ಹೊರಟ.

"ಕೂತ್ಕೋ," ಎಂದಳು ಮಿಂಕಾ, ಕಣ್ಣೊರೆಸಿಕೊಳ್ಳುತ್ತ. "ಇದ್ದಲ್ಲೇ ಕೂತ್ಕೋ. ಬಾಯಿ ಮಾತ್ರ ತೆಗೀಬೇಡ."